ನವಾಬನ ಜಳಕ

ಚಾಂದ್‌ಪಾಷಾ ಹೆಂಡತಿ, ಮಗಳೊಂದಿಗೆ ಮೆಕ್ಕಾದ ಉಮ್ರಾ ಯಾತ್ರೆಗೆ ಹೊರಡುವ ಎರಡು ದಿನ ಮೊದಲು ಲಿಂಗಸುಗೂರಿನಿಂದ ಟಂಟಂ ಗಾಡಿ ಮಾಡಿಕೊಂಡು ಮಸ್ಕಿಗೆ ಬಂದು, ಎದೆಮಟ್ಟದ ಒಂದು ಜಾಲರಿ ಪಂಜರವನ್ನು ಬಸ್ಸಪ್ಪನ ಪಡಸಾಲೆಯಲ್ಲಿ ಇಳಿಸಿದ. ಪಂಜರದೊಳಗೆ ಕುಂಡದಲ್ಲಿ ನೆಟ್ಟ ಸಣ್ಣ ಪೇರಲ ಗಿಡವಿತ್ತು. ಅದರ ಕಾಂಡಕ್ಕೆ ತಲೆ ಕೆಳಗೆ ಮಾಡಿ, ಮೊಳದುದ್ದದ ಹಸಿರು ಪ್ರಾಣಿಯೊಂದು ಅಂಟಿಕೊಂಡಿತ್ತು.

ಬಸ್ಸಪ್ಪ ಕನ್ನಡಕ ಏರಿಸಿ ನೋಡಿದ.

“ಇದೇನಲೇ ಪಾಷಾ, ಉಡ ಹಿಡಕೊಂಡು ಬಂದೀ? ಈ ವಯಸ್ಸಿನ್ಯಾಗ ನನ್ನ ಫಾರೆಸ್ಟಿನವ್ರ ಕೈಗೆ ಕೊಡಬೇಕಂತ ಮಾಡೀಯೇನ್?”

“ಉಡ ಅಲ್ಲೋ ಬಸ್ಸಣ್ಣ. ಕ್ಯೂಬಾ ಅಂತ ಒಂದು ದೇಶ ಐತಿ, ಸಮುದ್ರದ ನಡುವ. ಅಲ್ಲಿ ದೊಡ್ಡ ದೊಡ್ಡ ಗಿಡದ ತುದ್ಯಾಗ ಇರೋ ಓತಿ ಇದು. ನಮ್ಮ ಶಾಹೀಸ್ತಾ ಸಾಕ್ಯಾಳ. ಕಾಗದಪತ್ರ ಎಲ್ಲಾ ಆಕೀ ಹೆಸರೀಲೆ ಅದಾವು. ಹೆಸರು ನವಾಬ.”

“ಯಾರದು ಹೆಸರು?”

“ಓತೀದು.”

ಒಳಗಿನಿಂದ ಚಹಾ ತಂದ ಸೊಸೆ ಅಮರೇಶ್ವರಿ ಪಂಜರ ಕಂಡು ಬಾಗಿಲಲ್ಲೇ ನಿಂತಳು. “ನವಾಬರಂತೀರಿ, ಎದ್ದು ನಿಂತು ಸಲಾಂ ಮಾಡಬೇಕೇನ್ರಿ ಕಾಕಾ?” ಎಂದಳು. ಚಾಂದ್‌ಪಾಷಾ ನಕ್ಕ. ಬಸ್ಸಪ್ಪ ನಗಲಿಲ್ಲ. ಅವನು ನಕ್ಕು ನಾಲ್ಕು ತಿಂಗಳಾಗಿತ್ತು.

ಇಬ್ಬರೂ ಒಂದು ಕಾಲಕ್ಕೆ ತುಂಗಭದ್ರಾ ಎಡದಂಡೆ ಕಾಲುವೆಯ ಮೇಲೆ ಗ್ಯಾಂಗ್‌ಮನ್ ಆಗಿದ್ದವರು. ಒಂದೇ ಗೇಟಿನ ಕೋಣೆಯಲ್ಲಿ ಹನ್ನೊಂದು ವರ್ಷ ರೊಟ್ಟಿ ಹಂಚಿಕೊಂಡು ತಿಂದಿದ್ದರು. ಆಮೇಲೆ ಪಾಷಾ ಕೆಲಸ ಬಿಟ್ಟು ಲಿಂಗಸುಗೂರಿನಲ್ಲಿ ಹಕ್ಕಿ, ಮೀನುಗಳ ಅಂಗಡಿ ಇಟ್ಟ. ಬಸ್ಸಪ್ಪ ಮಾತ್ರ ನಿವೃತ್ತಿಯಾಗುವವರೆಗೂ ಗೇಟು ಎತ್ತುತ್ತ, ಇಳಿಸುತ್ತ ಗೊರೇಬಾಳ, ಜವಳಗೇರಾ ಕಡೆಯ ಗದ್ದೆಗಳಿಗೆ ನೀರು ಬಿಟ್ಟ. ಆ ಹಸಿರು ಪ್ರಾಣಿ ಪಾಷಾನ ಅಂಗಡಿಗೆ ಬಂದದ್ದು ಐದು ವರ್ಷದ ಹಿಂದೆ. ಯಾವನೋ ಶೋಕಿಗಾರ ಸಾಕಲಾರದೆ ತಂದು ಬಿಟ್ಟುಹೋಗಿದ್ದ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುವ ಮಗಳು ಶಾಹೀಸ್ತಾ ಅದನ್ನು ಮಾರಗೊಡಲಿಲ್ಲ.

ಲಿಂಗಸುಗೂರಿನಲ್ಲಿ ಪಾಷಾನಿಗೆ ನೆಂಟರಿಗೇನೂ ಕಡಿಮೆಯಿರಲಿಲ್ಲ. ಮೂವತ್ತು ಕಿಲೋಮೀಟರು ಹೊತ್ತು ತಂದು ಇದನ್ನು ತನ್ನ ಮನೆಯಲ್ಲೇ ಏಕೆ ಇಳಿಸುತ್ತಿದ್ದಾನೆಂದು ಬಸ್ಸಪ್ಪನಿಗೆ ತಿಳಿಯದೆ ಇರಲಿಲ್ಲ. ಹೆಂಡತಿ ಹೊನ್ನೂರಮ್ಮ ತೀರಿಕೊಂಡ ಮೇಲೆ ಅವನು ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಕಟ್ಟೆಯ ಮೇಲೆ ಕುಳಿತರೆ, ಊಟಕ್ಕೆ ಕರೆಯುವ ತನಕ ಏಳುತ್ತಿರಲಿಲ್ಲ. ಊರ ದೇವರು ಮಲ್ಲಯ್ಯನ ಬೆಟ್ಟ ಹತ್ತುವುದನ್ನೂ ಬಿಟ್ಟಿದ್ದ.

“ಪಾಷಾ, ನನ್ನ ಕೈಯಾಗ ಜೀವ ಕೊಡಬ್ಯಾಡೋ,” ಎಂದ ಮೆಲ್ಲಗೆ.

“ಹದಿನೆಂಟು ದಿನ ಬಸ್ಸಣ್ಣ. ನಿನ್ನ ನಂಬಿ, ಅಮಾನತ್ತು ಅಂತ ಇಟ್ಟು ಹೋಗಾಕತ್ತೀನಿ. ಮೆಕ್ಕಾದಾಗ ನಿನ್ನ ಹೆಸರು ಹೇಳಿ ದುವಾ ಮಾಡ್ತೀನಿ. ಇಷ್ಟೂ ಮಾಡವಲ್ಲಿಯೇನ್?”

ಬಸ್ಸಪ್ಪ ಎದ್ದು ಪಂಜರವನ್ನು ಗೋಡೆಯ ಬದಿಗೆ ಸರಿಸಿದ. ಪಾಷಾ, ಮಗಳು ಬರೆದುಕೊಟ್ಟ ಹಾಳೆಯನ್ನು ಕೈಗಿಟ್ಟು, “ಇದ್ರಾಗ ಎಲ್ಲಾ ಬರದಾಳ. ಪೂರಾ ಓದಬೇಕಂತ, ಖಡಕ್ಕಾಗಿ ಹೇಳ್ಯಾಳ,” ಎಂದು ಹೋದ.

ಬಸ್ಸಪ್ಪ ಸರ್ಕಾರಿ ಕೆಲಸದ ಮನುಷ್ಯ. ಗೇಟಿನ ಕೋಣೆಗೆ ನೀರಿನ ಪಾಳಿಯ ಹಾಳೆ ಬಂದ ದಿನವೇ ಅಂಟು ಕಾಯಿಸಿ, ಗೋಡೆಗೆ ಗಟ್ಟಿಯಾಗಿ ಮೆತ್ತುವುದು ಅವನ ಮೂವತ್ತು ವರ್ಷದ ರೂಢಿ. ಗೋಡೆಯ ಮೇಲಿನ ಹಾಳೆ ಗಾಳಿಗೆ ಹಾರುವುದಿಲ್ಲ, ಯಾರೂ ತಿದ್ದುವುದಿಲ್ಲ, ನಾಳೆ ಸಾಹೇಬರು ಬಂದು ಕೇಳಿದರೆ ಬೊಟ್ಟು ಮಾಡಿ ತೋರಿಸಬಹುದು. ಅಂದು ಸಂಜೆಯೂ ಅವನು ಮೈದಾ ಹಿಟ್ಟಿನ ಅಂಟು ಕಾಯಿಸಿದ. ದೇವರ ಜಗಲಿಯ ಪಕ್ಕದ ಗೋಡೆಗೆ ಅದನ್ನು ಬಳಿದು, ಶಾಹೀಸ್ತಾಳ ಹಾಳೆಯನ್ನು ನಾಲ್ಕೂ ಮೂಲೆ ಒತ್ತಿ ಮೆತ್ತಿದ. ಆಮೇಲೆ ಕೈ ತೊಳೆದು ಬಂದು ನಿಂತು, ಒಂದೊಂದೇ ಸಾಲನ್ನು ಬಾಯಿಬಿಟ್ಟು ಓದಿದ.

“ನವಾಬ ಬಟ್ಟಲಿನ ನೀರು ಕುಡಿಯುವುದಿಲ್ಲ. ಎಲೆಯ ಮೇಲಿನ ಹನಿ ನೆಕ್ಕುತ್ತಾನೆ. ದಿನಕ್ಕೆ ಎರಡು ಸಲ ಗಿಡಕ್ಕೆ ನೀರು ಚಿಮುಕಿಸಬೇಕು. ಜಿರಲೆ, ಮಿಡತೆ, ಹುಳ ತಿನ್ನುತ್ತಾನೆ. ಮೆತ್ತಗಿನ ಹಣ್ಣೂ ಕೊಡಬಹುದು. ಅವರ ಕಾಡಿನಲ್ಲಿ ಹಣ್ಣು ನುಂಗಿ ಬೀಜವನ್ನು ದೂರ ಬಿಡುವುದೂ ಇವರ ಕೆಲಸವೇ. ಖುಷಿಯಾಗಿದ್ದರೆ ಹಸಿರು, ಸಿಟ್ಟು ಬಂದರೆ ಕಂದು. ಬೆರಳು ಬಾಯಿಯ ಹತ್ತಿರ ಒಯ್ಯಬೇಡಿ. ರಾತ್ರಿ ಬಲ್ಬು ಹಚ್ಚಿ, ಪಂಜರ ಒಳಗೇ ಇಡಬೇಕು.”

ಓದಿ ಮುಗಿಸಿ ಬಸ್ಸಪ್ಪ ಪಂಜರದ ಕಡೆ ತಿರುಗಿದ. ನವಾಬ ಒಂದು ಕಣ್ಣನ್ನು ಮಾತ್ರ ಹೊರಳಿಸಿ ಅವನನ್ನು ನೋಡಿದ. ಭುಜದ ಮೇಲೆ ಹಳದಿಯ ಒಂದು ಪಟ್ಟೆ ಜರಿಯಂಚಿನ ಹಾಗೆ ಇತ್ತು. ಹಸಿರು ಶೇರವಾನಿ ತೊಟ್ಟು ಜಾಗೀರು ನೋಡಲು ಬಂದವನ ಗತ್ತು.

ಮೊದಲ ದಿನಗಳಲ್ಲಿ ಬಸ್ಸಪ್ಪ ಸರ್ಕಾರಿ ಕೆಲಸದಂತೆ ಇದನ್ನು ಮಾಡಿದ. ಬೆಳಿಗ್ಗೆ ಪೂಜೆ ಮುಗಿದ ಮೇಲೆ ತಂಬಿಗೆಯಲ್ಲಿ ಬೆರಳದ್ದಿ ಎಲೆಗಳ ಮೇಲೆ ನೀರು ಚಿಮುಕಿಸುತ್ತಿದ್ದ. ಒಂದು ಕಾಲಕ್ಕೆ ಗೇಟಿನ ಚಕ್ರ ಎರಡು ಸುತ್ತು ತಿರುಗಿಸಿದರೆ ಸಾವಿರ ಎಕರೆಗೆ ನೀರು ಹರಿಯುತ್ತಿತ್ತು. ಈಗ ಒಂದು ಎಲೆ, ಒಂದು ಹನಿ. ನವಾಬ ತಲೆ ಓರೆ ಮಾಡಿ ಆ ಹನಿಯನ್ನು ಬಹಳ ಹೊತ್ತು ನೋಡಿ, ಆಮೇಲೆ ದಪ್ಪ ನಾಲಿಗೆ ಚಾಚಿ ನೆಕ್ಕುತ್ತಿದ್ದ. ಆ ಹನಿ ಗಂಟಲಿಗಿಳಿಯುವುದನ್ನು ಕಂಡಾಗ ಬಸ್ಸಪ್ಪನಿಗೆ ತನ್ನ ಗಂಟಲೇ ಒದ್ದೆಯಾದಂತೆ ಅನಿಸುತ್ತಿತ್ತು.

ಆಹಾರದ ಜವಾಬ್ದಾರಿ ಅಮರೇಶ್ವರಿಯದಾಯಿತು.

“ನಮ್ಮ ಮನ್ಯಾಗ ಒಂದು ಜಿರಲಿ ಇಲ್ಲಂತ ಹೇಳ್ಕೊಂಡು ತಿರಗತಿದ್ದೆ ಮಾವಾರ. ಈಗ ಓಣಿ ಮಂದಿ ಮನಿಗೆ ಹೋಗಿ, ಎರಡು ಜಿರಲಿ ಇದ್ರ ಕೊಡ್ರಿ ಅನ್ನೋ ಹಂಗ ಆತು.”

ಓಣಿಯಾಚೆ ಗಾದಿ ಹೊಲಿಯುವ ಜಂಗ್ಲಿಸಾಬ್ ಮಾತ್ರ ಕೇಳದೆಯೇ ಕೊಡುತ್ತಿದ್ದ. ಹಳೆಯ ತಂಬಾಕಿನ ಡಬ್ಬಿಯಲ್ಲಿ ಮಿಡತೆ ಹಿಡಿದು ತಂದು, ಕಾಂಪೌಂಡಿನ ಮೇಲಿನಿಂದ, “ಸಾಹೇಬ್ರ ನಾಷ್ಟಾ ಆತೇನ್ರಿ ಬಸ್ಸಣ್ಣ?” ಎಂದು ಕೂಗುತ್ತಿದ್ದ. ಒಂದು ದಿನ ಅವನ ಹುಂಜ ಹಿಂದೆಯೇ ಬಂದು ಪಡಸಾಲೆಗೆ ನುಗ್ಗಿತು. ನವಾಬ ಎದ್ದು ನಿಂತ. ಗಂಟಲ ಕೆಳಗಿನ ಚರ್ಮ ಒಮ್ಮೆಲೆ ಬೀಸಣಿಗೆಯಂತೆ ಬಿಚ್ಚಿಕೊಂಡಿತು. ಎಳೆಯ ಗುಲಾಬಿ ಬಣ್ಣ, ಅಂಗೈಯಗಲ. ತಲೆಯನ್ನು ಮೇಲೆ ಕೆಳಗೆ ಆಡಿಸುತ್ತ, ಈ ಗಿಡ ತನ್ನದೆಂದು ಹೇಳಿದ. ಹುಂಜ ಹಿಂದೆ ಹಿಂದೆ ಸರಿದು ಅಂಗಳ ಸೇರಿತು. ಬಸ್ಸಪ್ಪನ ಬಾಯಿಂದ “ಶಿವನೇ” ಎಂಬ ಒಂದೇ ಮಾತು ಬಂತು. ಏಳು ಸಮುದ್ರದಾಚೆ, ಯಾರೂ ಕಾಣದ ಗಿಡದ ತುದಿಯಲ್ಲಿ ಕೂರುವ ಪ್ರಾಣಿಯ ಗಂಟಲೊಳಗೆ ಇಂಥ ಬಣ್ಣ ಮಡಿಚಿಟ್ಟವನಿಗೆ ಎಷ್ಟು ಪುರುಸೊತ್ತು ಇದ್ದೀತು ಎಂದು ಅವನು ಅಂದು ಬಹಳ ಹೊತ್ತು ಯೋಚಿಸಿದ.

ವಾರ ಕಳೆಯುವುದರೊಳಗೆ ಅವನು ನವಾಬನ ಜೊತೆ ಮಾತಾಡತೊಡಗಿದ. ಮೊದಲು ನೀರಿನ ಮಾತು, ಗೇಟಿನ ಮಾತು. ಆಮೇಲೆ ಯಾರಿಗೂ ಹೇಳದಿದ್ದ ಒಂದು ಮಾತು.

ಶ್ರಾವಣದ ಒಂದು ಮಧ್ಯಾಹ್ನ ಹೊನ್ನೂರಮ್ಮ ಊಟ ಮಾಡಿ ಕಟ್ಟೆಯ ಮೇಲೆ ಅಡ್ಡಾಗಿದ್ದಳು. ಬಸ್ಸಪ್ಪ ಪಕ್ಕದಲ್ಲೇ ಕುಳಿತಿದ್ದ. ಚೆನ್ನಾಗಿ ನಿದ್ದೆ ಹತ್ತಿದೆ, ಮಲಗಲಿ ಎಂದು ಟವೆಲಿನಿಂದ ನೊಣ ಹೊಡೆಯುತ್ತ ಕುಳಿತ. ಒಂದು ತಾಸಾಯಿತು, ಎರಡು ತಾಸಾಯಿತು. ನಾಲ್ಕು ಗಂಟೆಗೆ ಅಮರೇಶ್ವರಿ ಚಹಾ ತಂದು, “ಅತ್ತೀ, ಏಳ್ರಿ,” ಎಂದು ಭುಜ ಮುಟ್ಟಿದಳು. ಆಗ ತಿಳಿಯಿತು. ಅವಳು ಹೋಗಿ ಎಷ್ಟು ಹೊತ್ತಾಗಿತ್ತೋ. ಅಷ್ಟೂ ಹೊತ್ತು ಅವನು ನೊಣ ಹೊಡೆಯುತ್ತಿದ್ದ. ಹೆಣಕ್ಕೆ ಜಳಕ ಮಾಡಿಸುವ ಹೊತ್ತಿಗೆ ಹಿರಿಯರು ಮೊದಲ ತಂಬಿಗೆ ನೀರು ಹಾಕೆಂದು ಅವನ ಕೈಗೆ ಕೊಟ್ಟರು. ಅವನ ಕೈ ಏಳಲಿಲ್ಲ. ತಂಬಿಗೆ ನೆಲಕ್ಕೆ ಬಿತ್ತು. ಮಗ ಯಮನೂರನೇ ನೀರು ಹಾಕಿದ.

“ಎಬ್ಬಿಸಿದ್ರ ಏಳ್ತಿದ್ಲೇನೋ ನವಾಬಾ,” ಎಂದು ಬಸ್ಸಪ್ಪ ಜಾಲರಿಯ ಹತ್ತಿರ ಬಾಗಿ ಹೇಳಿದ. “ಬಾಜೂಕ ಕುಂತು ಗೊತ್ತಾಗಲಿಲ್ಲ ನನಗ.”

ಅಡುಗೆಮನೆಯಲ್ಲಿ ಅಮರೇಶ್ವರಿ ರೊಟ್ಟಿ ಬಡಿಯುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದಳು. ಹೊರಗೆ ಬರಲಿಲ್ಲ.

ಪಾಷಾನ ಮನೆಯವರು ಹಿಂದಿರುಗುವ ದಿನ ಎಳ್ಳಮಾವಾಸ್ಯೆಯೇ ಬಂತು. ಹಿಂದಿನ ದಿನ ಅಮರೇಶ್ವರಿ ಮನೆಯೆಲ್ಲ ಗುಡಿಸಿ ಸಾರಿಸಲು ನಿಂತಳು. ಧೂಳು ಪ್ರಾಣಿಗೆ ಆಗಲಿಕ್ಕಿಲ್ಲವೆಂದು ಬಸ್ಸಪ್ಪನೇ ಪಂಜರವನ್ನು ಹಿತ್ತಲಿಗೆ ಎಳೆದು, ಬೇವಿನ ಮರದ ಕೆಳಗೆ ಬಿಸಿಲಿಗಿಟ್ಟ. ಮೂರು ದಿನದಿಂದ ಮೂಡಣ ಗಾಳಿ ಬೀಸುತ್ತಿತ್ತು. ಮಸ್ಕಿಯಲ್ಲಿ ಅಂಥ ಥಂಡಿ ಬಿದ್ದು ಎಷ್ಟು ವರ್ಷವಾಗಿತ್ತೋ ಏನೋ, ಜನ ಹಗಲಲ್ಲೇ ರಗ್ಗು ಹೊದ್ದು ತಿರುಗುತ್ತಿದ್ದರು. ಸಂಜೆ ಜವಳಗೇರಾದಿಂದ ಯಮನೂರನ ಫೋನು ಬಂತು. ಅವನು ಅಲ್ಲಿ ಭತ್ತ ಕೊಯ್ಯುವ ಯಂತ್ರ ಓಡಿಸುತ್ತಿದ್ದ. ನಾಳೆ ರಾತ್ರಿಗೆ ಬರುವೆನೆಂದ. ಆಮೇಲೆ ಬಸ್ಸಪ್ಪ ಹಬ್ಬಕ್ಕೆಂದು ಎಳ್ಳು ಆರಿಸುತ್ತ ಕುಳಿತ. ಊಟ ಮಾಡಿದ, ಕಂಬಳಿ ಹೊದ್ದು ಮಲಗಿದ. ಪಂಜರ ಹಿತ್ತಲಿನಲ್ಲೇ ಉಳಿಯಿತು.

ಬೆಳಗಾಗಿ ಮುಖ ತೊಳೆಯಲು ಹಿತ್ತಲಿಗೆ ಹೋದಾಗಲೇ ಅವನಿಗೆ ನೆನಪಾಯಿತು.

ಗಿಡದ ಮೇಲೆ ನವಾಬ ಇರಲಿಲ್ಲ. ಪಂಜರದ ತಳದಲ್ಲಿ ಅಂಗಾತ ಬಿದ್ದಿದ್ದ. ಹಸಿರಿನ ಸುಳಿವೇ ಇಲ್ಲ. ಒಣಗಿದ ಬೇವಿನ ತೊಗಟೆಯ ಬಣ್ಣ. ಕಣ್ಣು ಮುಚ್ಚಿತ್ತು, ಬಾಯಿ ಸ್ವಲ್ಪ ತೆರೆದಿತ್ತು, ಕಾಲು ಸೆಟೆದಿದ್ದವು. ಬಸ್ಸಪ್ಪ ಬಾಗಿಲು ತೆಗೆದು ಹೊರಗೆತ್ತಿದ. ಕೈಯಲ್ಲಿ ಕಲ್ಲು ಹಿಡಿದಷ್ಟು ತಣ್ಣಗಿತ್ತು. ಈ ಸಲ ಅವನು ಸುಮ್ಮನೆ ಕೂರಲಿಲ್ಲ. ಭುಜ ಮುಟ್ಟಿದ, ಅಲುಗಾಡಿಸಿದ, “ನವಾಬಾ, ನವಾಬಾ,” ಎಂದು ಕರೆದ. ಮೂಗಿನ ಹತ್ತಿರ ತನ್ನ ಕನ್ನಡಕ ಹಿಡಿದು ನೋಡಿದ. ಗಾಜು ಮಸುಕಾಗಲಿಲ್ಲ.

ಅಮರೇಶ್ವರಿ ಬಂದು ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ನಾನೂ ಮರತೆ ಮಾವಾರ. ಸಾರಿಸಿದ್ದೇ ನಾನು.”

“ಇಟ್ಟಾಂವ ನಾನು ತಂಗಿ. ತರಬೇಕಾದಾಂವನೂ ನಾನ.”

ಸಿಂಧನೂರಿನ ಪಶುವೈದ್ಯರೊಬ್ಬರಿಗೆ ಅವಳು ಫೋನು ಮಾಡಿದಳು. ಅವರು ಎಮ್ಮೆ, ಆಡು ಬಿಟ್ಟರೆ ಇಂಥದ್ದನ್ನು ಕಂಡವರಲ್ಲ. ಉಸಿರಿಲ್ಲವೆಂದ ಮೇಲೆ ಏನು ಮಾಡಲಾದೀತು ಎಂದರು. ಫೋನು ಇಡುವಷ್ಟರಲ್ಲಿ ಶಾಹೀಸ್ತಾಳ ಕರೆ ಬಂತು.

“ಕಾಕಾ, ಮಾನವಿ ದಾಟೀವಿ. ಸಿಂಧನೂರಾಗ ಚಾ ಕುಡದು, ಸೀದಾ ನಿಮ್ಮ ಮನಿಗೇ ಬರ್ತೀವಿ. ನವಾಬ ಹೆಂಗದಾನ್ರಿ?”

“ಬರ್ರವ್ವಾ, ಬರ್ರಿ,” ಎಂದಷ್ಟೇ ಹೇಳಿ ಬಸ್ಸಪ್ಪ ಫೋನನ್ನು ಸೊಸೆಯ ಕೈಗೆ ಕೊಟ್ಟ. ಅಮಾನತ್ತು ಇಟ್ಟವರು ಇನ್ನು ಎರಡು ತಾಸಿನಲ್ಲಿ ಬಾಗಿಲಿಗೆ ಬರುತ್ತಾರೆ. ಅವರ ಕೈಗೆ ಏನು ಕೊಡುವುದು?

ಬೇವಿನ ಬುಡದಲ್ಲಿ ನವಾಬನನ್ನು ಟವೆಲಿನ ಮೇಲೆ ಮಲಗಿಸಿ ಅವನು ಹೇಳಿದ, “ಅಮರಾ, ಬಿಸಿನೀರು ಇಡು.”

“ಯಾಕ್ರಿ?”

“ಜಳಕ ಮಾಡಸ್ತೀನಿ.”

“ಓತಿಗೆ ಯಾರರ ಜಳಕ ಮಾಡಸ್ತಾರೇನ್ರಿ ಮಾವಾರ?”

“ನಮ್ಮ ಮನ್ಯಾಗ ಇತ್ತು, ನಮ್ಮ ಮನ್ಯಾಗ ಹೋತು. ಮೈಮ್ಯಾಲ ಮಣ್ಣು ಹತ್ತೇತಿ ನೋಡು. ಹಿಂಗ ಆ ಹುಡುಗಿ ಕೈಗೆ ಹೆಂಗ ಕೊಡ್ಲಿ? ಮಾಡಬೇಕಾದ್ದು ಮಾಡೇ ಕೊಡಬೇಕು. ಈ ಸಲ ನಾನ ಹಾಕ್ತೀನಿ ನೀರು.”

ಆ ಕೊನೆಯ ಮಾತು ಕೇಳಿ ಅಮರೇಶ್ವರಿ ಒಲೆ ಹಚ್ಚಿದಳು.

ಕಾಂಪೌಂಡಿನಾಚೆ ಮಿಡತೆ ಡಬ್ಬಿ ಹಿಡಿದು ಬಂದ ಜಂಗ್ಲಿಸಾಬ್ ಸಂಗತಿ ತಿಳಿದು ಟೊಪ್ಪಿಗೆ ಸರಿಮಾಡಿಕೊಂಡ. ಒಳಗೆ ಬಂದು ಬಸ್ಸಪ್ಪನ ಪಕ್ಕ ಕುಕ್ಕರುಗಾಲಲ್ಲಿ ಕುಳಿತ. “ಬರೋಬರಿ ಮಾಡಾಕತ್ತೀ ಬಸ್ಸಣ್ಣ. ನಮ್ಮಾಗೂ ಹೆಣಕ್ಕ ಮೊದಲ ಗುಸುಲು, ಅಂದ್ರ ಜಳಕ. ನೀರು ಮಾತ್ರ ಉಗುರುಬೆಚ್ಚಗ ಇರಬೇಕು ನೋಡು. ಸತ್ತವ್ರಿಗೂ ಸುಡತೈತಿ, ಥಂಡೀನೂ ಹತ್ತತೈತಿ ಅಂತಿದ್ಲು ನಮ್ಮವ್ವ.”

ಬಸ್ಸಪ್ಪ ಮೊಣಕೈ ಅದ್ದಿ ನೀರಿನ ಹದ ನೋಡಿದ. ಯಮನೂರ ಕೂಸಾಗಿದ್ದಾಗ ಎರೆಯುವ ಮೊದಲು ಹೊನ್ನೂರಮ್ಮ ಹಾಗೇ ನೋಡುತ್ತಿದ್ದಳು. ಬಿಸಿಲು ಬಿದ್ದ ಕಡೆ ಮಣೆ ಹಾಕಿ, ತನ್ನವರಲ್ಲಿ ಹೆಣವನ್ನು ಕೂರಿಸುವ ಹಾಗೆಯೇ ನವಾಬನನ್ನು ಕೂರಿಸಿ, ಬೆನ್ನಿಗೆ ಸುತ್ತಿದ ಟವೆಲನ್ನು ಆನಿಸಿದ. ಎಡಗೈಯಲ್ಲಿ ಎದೆಗೆ ಆಸರೆ ಕೊಟ್ಟ. ಬಲಗೈ ತಂಬಿಗೆ ಹಿಡಿಯಿತು. ಅರ್ಧದಲ್ಲೇ ನಿಂತಿತು. ಬಸ್ಸಪ್ಪ ಮಲ್ಲಯ್ಯನನ್ನು ನೆನೆದು ಮೊದಲ ನೀರು ಹಾಕಿದ.

ನೀರು ಬೆನ್ನಿನ ಮೇಲಿಂದ ಇಳಿದು ಮಣ್ಣನ್ನು ತೊಳೆಯಿತು. ಎರಡನೆಯ ತಂಬಿಗೆ. ಮೂರನೆಯದು. ಬಾಲವನ್ನು ಉದ್ದಕ್ಕೂ ಉಜ್ಜಿದ. ಕಾಲ್ಬೆರಳುಗಳ ಅಡಿಯ ಅಗಲ ಮೆತ್ತೆಗಳನ್ನು ಒಂದೊಂದಾಗಿ ತೊಳೆದ. ಅವಸರ ಮಾಡಲಿಲ್ಲ. ನೀರು ಆರಿದರೆ ಅಮರೇಶ್ವರಿ ಬಿಸಿಯದನ್ನು ಬೆರೆಸಿ ಕೊಡುತ್ತಿದ್ದಳು. ಹೀಗೆ ಅರ್ಧ ಕೊಡ ಮುಗಿದಿರಬೇಕು. ಹಿಡಿದ ಎಡಗೈಯ ತೋರುಬೆರಳಿಗೆ ಏನೋ ಅಂಟಿದಂತಾಯಿತು. ಒದ್ದೆ ಚರ್ಮವೇ ಅಂಟಿರಬೇಕೆಂದುಕೊಂಡು ಮತ್ತೆ ನೀರು ಹಾಕಿದ. ಈ ಸಲ ಆ ಅಂಟು ಬಿಗಿಯಾಯಿತು. ಮೆತ್ತೆಯಿದ್ದ ನಾಲ್ಕೈದು ಸಣ್ಣ ಬೆರಳುಗಳು ಅವನ ಬೆರಳನ್ನು ಕೊಂಬೆಯೆಂದು ಹಿಡಿದಿದ್ದವು.

“ಜಂಗ್ಲಿ,” ಎಂದ ಬಸ್ಸಪ್ಪ ಉಸಿರಿನಲ್ಲೇ. “ಹಿಡಕೊಂಡಾನ.”

“ಯಾರು?”

“ಸುಮ್ಕಿರು. ನೋಡು.”

ಗದ್ದದ ಕೆಳಗಿನ ಚರ್ಮ ಒಮ್ಮೆ ಮಿಡಿಯಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೊಮ್ಮೆ ಮಿಡಿಯಿತು. ಬಸ್ಸಪ್ಪ ಕಣ್ಣು ಮಿಟುಕಿಸಲಿಲ್ಲ. ಅಮರೇಶ್ವರಿ ಕೊಡ ಹಿಡಿದು ಹಾಗೇ ನಿಂತಳು. ಬಿಸಿಲು ಬೆನ್ನಿಗೆ ಬಡಿಯುತ್ತಿತ್ತು; ಬಸ್ಸಪ್ಪ ಬೆಚ್ಚಗಿನ ನೀರನ್ನು ಅಂಗೈಯಲ್ಲಿ ತೆಗೆದು ತೆಗೆದು ಹಾಕುತ್ತಿದ್ದ. ಕುತ್ತಿಗೆಯ ಹತ್ತಿರ ಕಂದು ಬಣ್ಣದೊಳಗಿನಿಂದ ಸಾಸಿವೆಯಷ್ಟು ಹಸಿರು ಕಂಡಿತು. ಒಂದು ಚುಕ್ಕೆ ಹತ್ತಾಯಿತು. ಕಾಲುವೆಗೆ ನೀರು ಬಿಟ್ಟ ಮೊದಲ ವಾರ ಗದ್ದೆಗಳು ತುಂಡು ತುಂಡಾಗಿ ಹಸಿರಾಗುವುದನ್ನು ಅವನು ಮೂವತ್ತು ವರ್ಷ ಕಂಡಿದ್ದ. ಇದು ಹಾಗೆಯೇ ಇಳಿಯಿತು, ಭುಜಕ್ಕೆ, ಬೆನ್ನಿಗೆ, ಬಾಲಕ್ಕೆ. ಹಳದಿ ಪಟ್ಟೆ ಕೊನೆಗೆ ಮೂಡಿತು. ಒಂದು ಕಣ್ಣು ತೆರೆಯಿತು, ಹೊರಳಿತು, ಬಸ್ಸಪ್ಪನನ್ನು ನೋಡಿತು.

ಮರುಗಳಿಗೆ ನವಾಬ ತಲೆ ತಿರುಗಿಸಿ ಅವನ ಹೆಬ್ಬೆರಳನ್ನು ಕಚ್ಚಿದ.

ಸಣ್ಣ ಕಚ್ಚಲ್ಲ. ಇಕ್ಕಳ ಹಾಕಿದಂಥ ಕಚ್ಚು. ರಕ್ತ ಜಿನುಗಿತು. ಬಸ್ಸಪ್ಪ ಬೆರಳು ಎಳೆದುಕೊಳ್ಳಲಿಲ್ಲ.

“ಕಡದ, ಅಮರಾ,” ಎಂದ. ಅವನ ದನಿ ನಗುತ್ತಿತ್ತೋ ಅಳುತ್ತಿತ್ತೋ ಹೇಳುವಂತಿರಲಿಲ್ಲ. “ಕಡದಾನ ನೋಡು.”

“ಬಿಡಿಸ್ಕೋರಿ ಮಾವಾರ, ರಕ್ತ ಬರಾಕತ್ತೈತಿ.”

“ಕಡೀಲಿ ಬಿಡು. ಎಷ್ಟು ಬೇಕಷ್ಟು ಕಡೀಲಿ.”

“ಬೆಳಗಿನಿಂದ ನಾಷ್ಟಾ ಕೊಟ್ಟಿಲ್ಲಲಾ, ಸಿಟ್ಟು ಬಂದೈತಿ ಸಾಹೇಬ್ರಿಗೆ,” ಎಂದು ಜಂಗ್ಲಿಸಾಬ್ ತಂಬಾಕಿನ ಡಬ್ಬಿ ತೆರೆಯಲು ಹೋಗಿ, ಮಿಡತೆಗಳನ್ನೆಲ್ಲ ಹಿತ್ತಲಿಗೆ ಹಾರಿಸಿಬಿಟ್ಟ. ಆಗ ಬಸ್ಸಪ್ಪ ನಕ್ಕ. ಬೆರಳು ನವಾಬನ ಬಾಯಲ್ಲಿ, ಕಣ್ಣು ತುಂಬಾ ನೀರು, ಹೊಟ್ಟೆ ಕುಲುಕುವ ನಗು. ಅಮರೇಶ್ವರಿ ಮದುವೆಯಾಗಿ ಬಂದಾಗಿನಿಂದ ಅವನು ಹಾಗೆ ನಕ್ಕಿದ್ದನ್ನು ನೋಡಿರಲಿಲ್ಲ. ಅವಳೂ ನಕ್ಕಳು. ತಲೆಯ ಮೇಲೆ ಇನ್ನೊಂದು ಹಿಡಿ ನೀರು ಬಿದ್ದ ಮೇಲೆ ನವಾಬ ಬೆರಳು ಬಿಟ್ಟ.

ಕಾರು ಬಂದು ನಿಂತಾಗ ಪಂಜರ ಪಡಸಾಲೆಯ ಬಿಸಿಲಲ್ಲಿತ್ತು, ಬಲ್ಬೂ ಉರಿಯುತ್ತಿತ್ತು. ಶಾಹೀಸ್ತಾ ಚಪ್ಪಲಿ ಬಿಡುತ್ತಲೇ ಒಳಗೆ ಓಡಿ ಬಂದು ಜಾಲರಿಗೆ ಹಣೆ ಹಚ್ಚಿದಳು. ಪಾಷಾನ ಹೆಂಡತಿ ಚಾಂದ್‌ಬೀ ಖಜೂರದ ಪೊಟ್ಟಣವನ್ನು ಅಮರೇಶ್ವರಿಯ ಉಡಿಗೆ ಹಾಕಿದಳು. ಪಾಷಾ ಗೆಳೆಯನನ್ನು ಅಪ್ಪಿಕೊಂಡು, ಅವನ ಹೆಬ್ಬೆರಳಿಗೆ ಸುತ್ತಿದ್ದ ಬಟ್ಟೆ ಕಂಡು ಹುಬ್ಬು ಹಾರಿಸಿದ.

ಮುಚ್ಚಿಡಬಹುದಿತ್ತು. ನವಾಬ ಹಚ್ಚಹಸಿರಾಗಿ ಕುಳಿತಿದ್ದ. ಬಸ್ಸಪ್ಪ ಮುಚ್ಚಿಡಲಿಲ್ಲ. ಮರೆತದ್ದು, ಬಿದ್ದದ್ದು, ಜಳಕ ಮಾಡಿಸಿದ್ದು, ಒಂದನ್ನೂ ಬಿಡದೆ ಹೇಳಿದ. “ತಪ್ಪಾತವ್ವ. ನಿನ್ನ ಪ್ರಾಣೀನ ನಾನು ಕೊಂದಿದ್ದೆ. ಶಿವ ತಿರುಗಿ ಕೊಟ್ಟ.”

ಶಾಹೀಸ್ತಾ ಅವನನ್ನೇ ನೋಡಿದಳು. ಬೇಸರದ ನೋಟವಲ್ಲ, ಗಲಿಬಿಲಿಯ ನೋಟ. “ಕಾಕಾ, ಹಾಳೀ ಹಿಂದಿನ ಕಡೀಗೆ ಓದಿಲ್ಲೇನ್ರಿ?”

“ಹಿಂದಿನ ಕಡೀಗೆ?”

“ಎರಡೂ ಕಡೀಗೆ ಬರದಿದ್ದೆ ನಾನು. ಎಲ್ಲೈತಿ ಹಾಳಿ?”

ಎಲ್ಲರೂ ಗೋಡೆಯ ಕಡೆ ನೋಡಿದರು. ನಾಲ್ಕೂ ಮೂಲೆ ಒತ್ತಿ ಮೆತ್ತಿದ ಹಾಳೆ ಅಲುಗಾಡದೆ ನಿಂತಿತ್ತು. ಮೊದಲು ಪಾಷಾನಿಗೆ ಹೊಳೆಯಿತು. “ಯಾ ಅಲ್ಲಾ. ಗೇಟಿನ ಕ್ವಾಣಿ ಬುದ್ಧಿ ಬಿಟ್ಟಿಲ್ಲ ನೋಡ್ರಿ ಈ ಮನಶ್ಯಾ,” ಎಂದು ಗೋಡೆ ಹಿಡಿದು ನಕ್ಕ. ಕೊಡದಲ್ಲಿ ಉಳಿದಿದ್ದ ಬಿಸಿನೀರನ್ನು ಅಮರೇಶ್ವರಿ ಬಟ್ಟೆಯಲ್ಲಿ ಅದ್ದಿ ಹಾಳೆಗೆ ಒತ್ತಿ ಒತ್ತಿ ಮೆಲ್ಲಗೆ ಸುಲಿದಳು. ಹಿಂಬದಿಯ ಶಾಯಿ ಅಲ್ಲಲ್ಲಿ ಕದಡಿತ್ತು, ಆದರೂ ಓದಬಹುದಿತ್ತು. ಬಸ್ಸಪ್ಪ ಕನ್ನಡಕ ಏರಿಸಿ ಓದಿದ.

“ಬಹಳ ಮುಖ್ಯ. ಹೆಚ್ಚು ಥಂಡಿಯಾದರೆ ನವಾಬ ಕಂದು ಬಣ್ಣಕ್ಕೆ ತಿರುಗಿ, ಕೊಂಬೆಯಿಂದ ಬಿದ್ದು, ಸತ್ತ ಹಾಗೆ ಕಾಣಬಹುದು. ಉಸಿರೂ ತಿಳಿಯುವುದಿಲ್ಲ. ಹೆದರಬೇಡಿ. ಬಿಸಿಲಿಗಿಟ್ಟು ಮೆಲ್ಲಗೆ ಬೆಚ್ಚಗೆ ಮಾಡಿರಿ. ಹೂಳಬೇಡಿ.”

ಕೊನೆಯ ಪದದ ಕೆಳಗೆ ಎರಡು ಗೆರೆ ಎಳೆದಿತ್ತು.

ನಗು ಅಡಗಿದ ಮೇಲೆ ಹೆಂಗಸರು ಊಟದ ಏರ್ಪಾಡಿಗೆ ಒಳಗೆ ಹೋದರು. ಬಸ್ಸಪ್ಪ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೇ ಇದ್ದ.

“ಪಾಷಾ,” ಎಂದ. “ಇಂವ ಮಲಗಿದ್ದ, ನಾನು ಸತ್ತ ಅಂದೆ. ಆಕಿ ಸತ್ತಿದ್ಲು, ನಾನು ಮಲಗ್ಯಾಳ ಅಂದೆ. ಆಗೂ ಏನರ ಮಾಡಬೇಕಿತ್ತೇನೋ. ಏನೋ ಒಂದು ನಾನು ಓದದ ಬಿಟ್ಟಿದ್ದೆನೇನೋ.”

ಪಾಷಾ ಗೆಳೆಯನ ತೊಡೆಯ ಮೇಲಿನ ಹಾಳೆ ತೆಗೆದುಕೊಂಡು ಮಡಿಚಿ, ಮತ್ತೆ ಬಿಚ್ಚಿದ.

“ಬಸ್ಸಣ್ಣ, ಅವತ್ತು ಡಾಕ್ಟ್ರು ಬಂದಾಗ ನಾನು ಇಲ್ಲೇ ಇದ್ದೆ. ಎದಿ ನಿಂತದ್ದು ಒಂದು ಗಳಿಗ್ಯಾಗ, ಬಾಜೂಕಿದ್ದವ್ರಿಗೆ ಯಾರಿಗೂ ಗೊತ್ತಾಗತಿದ್ದಿಲ್ಲ, ಎಬ್ಬಿಸಿದ್ರೂ ಏಳತಿದ್ದಿಲ್ಲ ಅಂದ್ರು. ನಿನಗೂ ಹೇಳಿದ್ರು, ನಿನ್ನ ಕಿವಿಗೆ ಬೀಳಲಿಲ್ಲ. ಇದಕ್ಕ ಹಿಂದಿನ ಕಡೀಗೆ ಬರದಿತ್ತು. ಹೊನ್ನೂರಕ್ಕಗ ಹಿಂದ ಏನೂ ಬರದಿದ್ದಿಲ್ಲೋ. ನೀ ಬಾಜೂಕ ಕುಂತಿದ್ದಿ. ನೊಣ ಹೊಡದಿ. ಆಕಿಗೆ ಅಷ್ಟ ಬೇಕಾಗಿತ್ತು, ಅಷ್ಟ ಸಿಕ್ತು.”

ಬಸ್ಸಪ್ಪ ಪಂಜರದ ಕಡೆ ನೋಡಿದ. ಎದೆಯಲ್ಲಿ ನಾಲ್ಕು ತಿಂಗಳಿಂದ ಇಳಿಸಿಟ್ಟಿದ್ದ ಯಾವುದೋ ಗೇಟು ಒಂದೆರಡು ಸುತ್ತು ಎದ್ದಂತಾಯಿತು. ಮುಖ ತೊಳೆಯಬೇಕೆಂದು ಹಿತ್ತಲಿಗೆ ಹೋಗಿ, ಬರುವುದಕ್ಕೆ ಸ್ವಲ್ಪ ತಡ ಮಾಡಿದ.

ಊಟಕ್ಕೆ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ಅವನು ಎರಡು ರೊಟ್ಟಿ ಮುಗಿಸಿ ಮೂರನೆಯದಕ್ಕೆ ಕೈ ಚಾಚಿದಾಗ ಅಮರೇಶ್ವರಿ ಚಾಂದ್‌ಬೀಯ ಕಡೆ ನೋಡಿ ಕಣ್ಣಲ್ಲೇ ತೋರಿಸಿದಳು. ಥಂಡಿ ಮುಗಿಯುವ ತನಕ ನವಾಬ ಇಲ್ಲೇ ಇರಲಿ ಬೇಕಾದರೆ, ಎಂದಳು ಶಾಹೀಸ್ತಾ.

“ಬ್ಯಾಡವ್ವ. ಅಮಾನತ್ತು ಮುಟ್ಟಿಸಿದೆ, ಅಷ್ಟ ಸಾಕು. ಬರೋ ಸೋಮವಾರ ಬೆಟ್ಟ ಹತ್ತಿ ಮಲ್ಲಯ್ಯಗ ಕಾಯಿ ಒಡಸ್ತೀನಿ. ಆಮ್ಯಾಲ ಬಸ್ಸು ಹತ್ತಿ ನಾನ ಬರ್ತೀನಿ ಇವನ್ನ ನೋಡಾಕ. ಮಿಡತೀನೂ ತರ್ತೀನಿ.”

“ಮಿಡತಿ ನನ್ನವು,” ಎಂದ ಜಂಗ್ಲಿಸಾಬ್ ಹೋಳಿಗೆ ಮುರಿಯುತ್ತ.

ಅವರೆಲ್ಲ ಹೋದ ಮೇಲೆ ಬಸ್ಸಪ್ಪ ಕಟ್ಟೆಯ ಮೇಲೆ, ಬಿಸಿಲು ಬೀಳುವ ಕಡೆ, ಟವೆಲು ತಲೆಗಿಟ್ಟು ಅಡ್ಡಾದ. ನಾಲ್ಕು ಗಂಟೆಗೆ ಅಮರೇಶ್ವರಿ ಚಹಾ ತಂದಳು. ಅವನು ಕಣ್ಣು ಮುಚ್ಚಿದ್ದ. ಬಟ್ಟೆ ಸುತ್ತಿದ ಹೆಬ್ಬೆರಳು ಎದೆಯ ಮೇಲಿತ್ತು. ಬಟ್ಟಲು ಹಿಡಿದು ಅವಳು ಎರಡು ಹೆಜ್ಜೆ ದೂರದಲ್ಲೇ ನಿಂತುಬಿಟ್ಟಳು. ಕರೆಯಲು ಬಾಯಿ ಬರಲಿಲ್ಲ.

“ಇಡು ತಂಗಿ,” ಎಂದ ಬಸ್ಸಪ್ಪ, ಕಣ್ಣು ತೆರೆಯದೆ. “ಎದ್ದೀನಿ.”